ಯೋಹಾನ ಕಾಲ್ವಿನನೂ ಕ್ರಿಸ್ತಜನನದ ಹಬ್ಬವೂ



ದಶಂಬರ ತಿಂಗಳು ಸಮೀಪಿಸಿದ ಕೂಡಲೇ ನಮ್ಮ ಹಳ್ಳಿಯ ಸಭೆಗಳಲ್ಲಿ ಎರಡು ಬಗೆಯ ಕೆಲಸಗಳು ಪ್ರಾರಂಭವಾಗುತ್ತವೆ. ದೇವಾಲಯಕ್ಕೆ ಸುಣ್ಣ ಬಳಿಯುವದು, ಮಕ್ಕಳಿಗೆ ಗೀತೆಗಳನ್ನು ಕಲಿಸುವದು, ಮನೆಗಳಲ್ಲಿ ಕಜ್ಜಾಯಕ್ಕೆ ಅಕ್ಕಿ ನೆನೆಯಿಡುವದು, ಇದು ಒಂದು. ಇನ್ನೊಂದು, ವಾದ. ಈ ಹಬ್ಬವನ್ನು ಆಚರಿಸಬೇಕೆಂಬ ಅಪ್ಪಣೆಯು ಸತ್ಯವೇದದಲ್ಲಿ ಎಲ್ಲಿದೆ ಎಂದು ಒಬ್ಬನು ಕೇಳುತ್ತಾನೆ. ಇದು ಪೂರ್ವದಲ್ಲಿ ರೋಮಾಪುರದ ಅನ್ಯಜನರು ಸೂರ್ಯನಿಗೆ ಮಾಡುತ್ತಿದ್ದ ಉತ್ಸವವೆಂದು ಇನ್ನೊಬ್ಬನು ಹೇಳುತ್ತಾನೆ. ಕಾಲ್ವಿನನು ಜಿನೀವಾ ಪಟ್ಟಣದಲ್ಲಿ ಇದನ್ನು ತೆಗೆದುಹಾಕಲಿಲ್ಲವೇ, ಅವನಿಗಿಂತ ನಾವು ಹೆಚ್ಚು ತಿಳಿದವರೋ ಎಂದು ಮೂರನೆಯವನು ಮಾತನ್ನು ಮುಗಿಸಿಬಿಡುತ್ತಾನೆ. ಒಂದು ಗ್ರಾಮದಲ್ಲಿ ಒಬ್ಬ ವೃದ್ಧ ಸಭಾಹಿರಿಯರು ಈ ಕಡೆಯ ಮಾತನ್ನು ನನ್ನ ಮುಂದೆ ಇಟ್ಟಾಗ ನಾನು ತಕ್ಕ ಉತ್ತರ ಕೊಡಲಾರದೆ ಹೋದೆನು. ಸೆಮಿನೆರಿಯಲ್ಲಿ ಕಲಿತ ಸಭಾಚರಿತ್ರೆಯಲ್ಲಿ ಕಾಲ್ವಿನನು ಹಬ್ಬಗಳನ್ನು ರದ್ದುಮಾಡಿದನೆಂಬ ಒಂದೇ ಸಾಲು ನನಗೆ ಜ್ಞಾಪಕವಿತ್ತು. ಆ ಮೇಲೆ ಅವನ ಜೀವಚರಿತ್ರೆಯನ್ನು ಸಾವಕಾಶವಾಗಿ ಓದಿದಾಗ ಆ ಸಾಲು ಸರಿಯಾದದ್ದಲ್ಲವೆಂದು ಕಂಡುಬಂತು. ಆದದರಿಂದ ಅವನ ಚರಿತ್ರೆಯನ್ನೇ, ಈ ಹಬ್ಬಕ್ಕೆ ಸಂಬಂಧಪಟ್ಟಷ್ಟು, ಇಲ್ಲಿ ಬರೆಯುತ್ತೇನೆ.

ಹಬ್ಬದ ಮೂಲವನ್ನು ಕುರಿತು ಮೊದಲು ಎರಡು ಮಾತು. ನಮ್ಮ ಕರ್ತನು ಹುಟ್ಟಿದ ತಿಂಗಳನ್ನಾಗಲಿ ತಾರೀಖನ್ನಾಗಲಿ ಸುವಾರ್ತಿಕರು ಬರೆದಿಡಲಿಲ್ಲ. ಮೂರನೆಯ ಶತಮಾನದ ಓರಿಗೇನನೆಂಬ ಪಂಡಿತನು, ಫರೋಹ ಹೆರೋದರಂಥ ಪಾಪಿಗಳೇ ಹೊರತು ಭಕ್ತರಾರೂ ತಮ್ಮ ಜನ್ಮದಿನವನ್ನು ಕೊಂಡಾಡಿದ್ದು ಸತ್ಯವೇದದಲ್ಲಿ ಕಾಣುವದಿಲ್ಲವೆಂದು ಬೋಧಿಸಿದನು. ರೋಮಾಪುರದ ಸಭೆಯವರು ಕ್ರಿ. ಶ. 336ರಷ್ಟು ಹೊತ್ತಿಗೆ ದಶಂಬರ 25ನೆಯ ದಿನವನ್ನು ಕರ್ತನ ಜನನದ ದಿನವೆಂದು ಎಣಿಸುತ್ತಿದ್ದರೆಂದು 354ರಲ್ಲಿ ಕೂಡಿಸಿದ ಒಂದು ಪಂಚಾಂಗಗ್ರಂಥದಿಂದ ತಿಳಿಯುತ್ತದೆ. ಅದೇ ಗ್ರಂಥದಲ್ಲಿ ಅದೇ ತಾರೀಖು ಸೋಲನ್ನರಿಯದ ಸೂರ್ಯದೇವನ ಜನ್ಮದಿನವೆಂದೂ ಬರೆದಿದೆ. ಈ ಸೂರ್ಯನಿಗೆ ಔರೇಲಿಯನ್ ಚಕ್ರವರ್ತಿಯು 274ರಲ್ಲಿ ರೋಮಾಪುರದಲ್ಲಿ ದೊಡ್ಡ ಗುಡಿಯನ್ನು ಪ್ರತಿಷ್ಠೆಮಾಡಿದ್ದನು. ಅನ್ಯಜನರ ಉತ್ಸವವನ್ನು ಹಿಂದೂಡುವದಕ್ಕಾಗಿಯೇ ಸಭೆಯವರು ಆ ದಿನವನ್ನು ಆರಿಸಿಕೊಂಡರೆಂದು ಕೆಲವು ಪಂಡಿತರೂ, ಮಾರ್ಚ್ 25ರಂದು ಮರಿಯಳು ಗರ್ಭವತಿಯಾದಳೆಂಬ ಪುರಾತನ ಎಣಿಕೆಗೆ ಒಂಭತ್ತು ತಿಂಗಳು ಕೂಡಿಸಿದ್ದರಿಂದ ಆ ದಿನ ಬಂತೆಂದು ಬೇರೆ ಪಂಡಿತರೂ ಹೇಳುತ್ತಾರೆ. ಮೂಡಣ ದೇಶದ ಸಭೆಗಳು ಮೊದಲು ಜನವರಿ 6ನೆಯ ದಿನವನ್ನು ಆಚರಿಸುತ್ತಿದ್ದವು. ಅರ್ಮೇನಿಯದ ಸಭೆಯವರು ಇಂದಿಗೂ ಆ ದಿನವನ್ನೇ ಇಟ್ಟುಕೊಂಡಿದ್ದಾರೆ. ತಾರೀಖನ್ನು ಹಿಡಿದು ವಾದಿಸುವವರು ಇಷ್ಟನ್ನು ತಿಳಿದು ವಾದಿಸಲಿ. ಕಾಲ್ವಿನನ ಕಾಲದಲ್ಲಿ ಜಿನೀವಾದವರು ಹೊಡೆದಾಡಿದ್ದು ಸೂರ್ಯದೇವನ ವಿಷಯದಲ್ಲಿ ಅಲ್ಲ. ದೇವರು ಆಜ್ಞಾಪಿಸದೆ ಇರುವ ಒಂದು ದಿನವನ್ನು ಮನುಷ್ಯರು ಮನುಷ್ಯರ ಮೇಲೆ ಹೊರಿಸಬಹುದೋ ಎಂಬದೇ ಅವರ ಪ್ರಶ್ನೆಯಾಗಿತ್ತು.

ಯೋಹಾನ ಕಾಲ್ವಿನನು 1509ನೆಯ ಇಸವಿ ಜೂಲಾಯಿ 10ರಂದು ಫ್ರಾನ್ಸ್ ದೇಶದ ಉತ್ತರಭಾಗದಲ್ಲಿರುವ ನೊಯೋನ್ ಎಂಬ ಊರಿನಲ್ಲಿ ಹುಟ್ಟಿದನು. ತಂದೆಯು ಅಲ್ಲಿನ ಬಿಷಪನ ಕಚೇರಿಯಲ್ಲಿ ಬರಹದ ಕೆಲಸದವನು. ತಾಯಿಯು ಭಕ್ತಿಯುಳ್ಳ ಸ್ತ್ರೀ. ಮಗನು ಚಿಕ್ಕವನಾಗಿರುವಾಗಲೇ ತೀರಿಹೋದಳು. ಮಗನನ್ನು ಪಾದ್ರಿಯಾಗಿ ಮಾಡಬೇಕೆಂದು ತಂದೆಯ ಮನಸ್ಸು. ಆ ಕಾಲದ ಪದ್ಧತಿಯಂತೆ ಅವನು ಬಿಷಪನನ್ನು ಬೇಡಿಕೊಂಡು, ಹುಡುಗನಿಗೆ ಹನ್ನೆರಡು ವರ್ಷ ತುಂಬುವ ಸುಮಾರಿಗೆ, 1521ರಲ್ಲಿ, ನೊಯೋನಿನ ದೊಡ್ಡ ದೇವಾಲಯದ ಒಂದು ಬಲಿಪೀಠದ ಆದಾಯದಲ್ಲಿ ಒಂದು ಪಾಲನ್ನು ಕೊಡಿಸಿದನು. ಆ ಪೀಠದ ಹೆಸರನ್ನು ನಮ್ಮ ಭಾಷೆಯಲ್ಲಿ ಹೇಳುವದಾದರೆ ಬಾಣಂತಿ ಮರಿಯಳ ಪೀಠ ಎನ್ನಬೇಕು. ಕನ್ಯೆಯಾದ ಮರಿಯಳು ಶಿಶುವನ್ನು ಹೆತ್ತು ಮಲಗಿರುವದನ್ನು ಸ್ಮರಿಸುವದಕ್ಕೆ ಅದನ್ನು ಕಟ್ಟಿದ್ದರು. ಪೂಜೆಯ ಕೆಲಸವನ್ನು ಬೇರೆ ಪಾದ್ರಿಯು ನಡಿಸುತ್ತಿದ್ದನು. ಹಣವು ಹುಡುಗನ ವಿದ್ಯಾಭ್ಯಾಸಕ್ಕೆ ಬರುತ್ತಿತ್ತು. ಹೀಗೆ ಕ್ರಿಸ್ತಜನನದ ಹಬ್ಬಕ್ಕೆ ಶತ್ರುವೆಂದು ಹೆಸರು ಹೊತ್ತವನು ಬಾಲ್ಯದಲ್ಲಿ ಕ್ರಿಸ್ತಜನನದ ಪೀಠದ ಅನ್ನವನ್ನೇ ಉಂಡು ಓದಿದನು. ಇದನ್ನು ಓದಿದಾಗ ನನಗೆ ನಗು ಬಂತು.

ಆ ಹಣದಿಂದ ಅವನು ಪಾರಿಸಿಗೆ ಹೋಗಿ ಕಲಿತನು. ಅಲ್ಲಿ ಮಥೂರಿನ್ ಕೊರ್ಡಿಯೇ ಎಂಬ ಉಪಾಧ್ಯಾಯನು ಅವನಿಗೆ ಲತೀನ್ ಭಾಷೆಯನ್ನು ಬಹು ಪ್ರೀತಿಯಿಂದ ಕಲಿಸಿದನು. ಈ ಉಪಾಧ್ಯಾಯನ ಹೆಸರನ್ನು ವಾಚಕರು ಜ್ಞಾಪಕದಲ್ಲಿಟ್ಟುಕೊಳ್ಳಬೇಕು, ಮುಂದೆ ಬರುತ್ತದೆ. ಅನಂತರ ತಂದೆಯು ಮನಸ್ಸು ಬದಲಾಯಿಸಿ ಮಗನನ್ನು ನ್ಯಾಯಶಾಸ್ತ್ರಕ್ಕೆ ಹಾಕಿದನು. 1531ರಲ್ಲಿ ತಂದೆಯು ತೀರಿಕೊಂಡನು. ಈ ವರ್ಷಗಳಲ್ಲಿಯೇ ಲೂಥರನ ಬೋಧನೆಯು ಫ್ರಾನ್ಸಿನ ವಿದ್ಯಾರ್ಥಿಗಳ ಕೈಗೆ ಗುಪ್ತವಾಗಿ ಬರುತ್ತಿತ್ತು. ಕಾಲ್ವಿನನು ಯಾವ ದಿನ ತಿರುಗಿಕೊಂಡನೆಂದು ಅವನು ವಿವರವಾಗಿ ಬರೆದಿಡಲಿಲ್ಲ. 1533ರ ನವಂಬರದಲ್ಲಿ ಪಾರಿಸಿನ ವಿಶ್ವವಿದ್ಯಾಲಯದ ಮುಖ್ಯಸ್ಥನಾದ ಅವನ ಸ್ನೇಹಿತನು ಸುವಾರ್ತೆಗೆ ಅನುಕೂಲವಾದ ಒಂದು ಭಾಷಣವನ್ನು ಮಾಡಿದ್ದರಿಂದ ಗಲಿಬಿಲಿಯಾಗಿ, ಇಬ್ಬರೂ ಪಟ್ಟಣವನ್ನು ಬಿಟ್ಟು ಓಡಬೇಕಾಯಿತು. 1534ರ ಮೇ ತಿಂಗಳಲ್ಲಿ ಕಾಲ್ವಿನನು ನೊಯೋನಿಗೆ ಹೋಗಿ ಬಾಣಂತಿ ಮರಿಯಳ ಪೀಠದ ಆದಾಯವನ್ನು ಬಿಟ್ಟುಕೊಟ್ಟನು. ತಾನು ನಂಬದ ಪೂಜೆಯ ಹಣವನ್ನು ತಿನ್ನಬಾರದೆಂಬ ಮನಸ್ಸಾಕ್ಷಿ ಅದು. ಬೇರೆ ಜೀವನೋಪಾಯವು ಅವನಿಗೆ ಇರಲಿಲ್ಲ.

ಮುಂದಿನ ವರ್ಷ ಅವನು ಸ್ವಿಸ್ ದೇಶದ ಬಾಸೆಲ್ ಪಟ್ಟಣದಲ್ಲಿ ಆಶ್ರಯ ಹೊಂದಿದನು. ನಮ್ಮ ಕನ್ನಡ ಸಭೆಗಳಿಗೆ ಬಾಸೆಲಿನ ಹೆಸರು ಹೊಸದಲ್ಲ. 1815ರಲ್ಲಿ ಸ್ಥಾಪಿತವಾಗಿ 1834ರಲ್ಲಿ ಮಂಗಳೂರಿಗೆ ಬೋಧಕರನ್ನು ಕಳುಹಿಸಿದ ಮಿಶನ್ನು ಆ ಪಟ್ಟಣದ್ದೇ. ಅದಕ್ಕೂ ಮೂರು ಶತಮಾನಗಳ ಹಿಂದೆ, 1536ರ ಮಾರ್ಚ್ ತಿಂಗಳಲ್ಲಿ, ಅದೇ ಬಾಸೆಲಿನಲ್ಲಿ ಇಪ್ಪತ್ತಾರು ವರ್ಷ ವಯಸ್ಸಿನ ಕಾಲ್ವಿನನು ಕ್ರಿಸ್ತೀಯ ಧರ್ಮದ ಬೋಧೆಯನ್ನು ಕ್ರಮವಾಗಿ ವಿವರಿಸುವ ತನ್ನ ಪ್ರಸಿದ್ಧ ಗ್ರಂಥವನ್ನು ಅಚ್ಚು ಹಾಕಿಸಿದನು. ಆ ಗ್ರಂಥದ ಕೊನೆಯ ಭಾಗದಲ್ಲಿ ಕ್ರೈಸ್ತನ ಸ್ವಾತಂತ್ರ್ಯವನ್ನು ಕುರಿತು ಬರೆದಿದ್ದಾನೆ. ದೇವರು ಆಜ್ಞಾಪಿಸದೆಯೂ ನಿಷೇಧಿಸದೆಯೂ ಇರುವ ಸಂಗತಿಗಳಲ್ಲಿ ಮನಸ್ಸಾಕ್ಷಿಯನ್ನು ಯಾರೂ ಕಟ್ಟಬಾರದೆಂದೂ, ಆದರೆ ಬಲಹೀನನಾದ ಸಹೋದರನನ್ನು ಎಡವಿಸುವದಕ್ಕಾಗಿ ಆ ಸ್ವಾತಂತ್ರ್ಯವನ್ನು ಉಪಯೋಗಿಸಬಾರದೆಂದೂ ಅದರ ಅಭಿಪ್ರಾಯ. ಆಗ ಅದು ಕಾಗದದ ಮೇಲಿನ ಬೋಧೆ ಮಾತ್ರವೇ. ಅದನ್ನು ಜನರ ನಡುವೆ ನಡಿಸಿ ತೋರಿಸಬೇಕಾದ ಕಾಲವು ಬೇಗ ಬಂತು.

ಆ ವರ್ಷದ ಬೇಸಿಗೆಯಲ್ಲಿ ಅವನು ಸ್ಟ್ರಾಸ್‌ಬರ್ಗ್ ಪಟ್ಟಣಕ್ಕೆ ಹೋಗಿ ಶಾಂತವಾಗಿ ಓದಿ ಬರೆದುಕೊಂಡಿರಬೇಕೆಂದು ಹೊರಟನು. ಫ್ರಾನ್ಸಿನ ಅರಸನಿಗೂ ಚಕ್ರವರ್ತಿಗೂ ಯುದ್ಧ ನಡೆಯುತ್ತಿದ್ದುದರಿಂದ ನೇರವಾದ ದಾರಿ ಮುಚ್ಚಿತ್ತು. ಸುತ್ತಿಕೊಂಡು ಹೋಗುವಾಗ ಒಂದು ರಾತ್ರಿ ತಂಗುವದಕ್ಕಾಗಿ ಜಿನೀವಾಕ್ಕೆ ಬಂದನು. ಆ ಪಟ್ಟಣದವರು ಅದೇ ಮೇ ತಿಂಗಳಲ್ಲಿ ಪೋಪನ ಆಳಿಕೆಯನ್ನು ಬಿಟ್ಟು ಸುವಾರ್ತೆಯ ಪ್ರಕಾರ ನಡೆಯುವೆವೆಂದು ಕೈಯೆತ್ತಿ ಪ್ರಮಾಣಮಾಡಿದ್ದರು. ಫಾರೆಲ್ ಎಂಬ ಕೆಂಪು ಗಡ್ಡದ ಉಗ್ರ ಬೋಧಕನು ಅಲ್ಲಿ ಒಬ್ಬನೇ ಹೆಣಗುತ್ತಿದ್ದನು. ಕಾಲ್ವಿನನು ಬಂದ ಸುದ್ದಿ ತಿಳಿದು ಅವನ ಬಳಿಗೆ ಓಡಿ, ನೀನು ಇಲ್ಲಿ ನಿಲ್ಲದೆ ಹೋದರೆ ನಿನ್ನ ಓದಿಗೆ ದೇವರ ಶಾಪ ತಗಲುವದೆಂದು ಬೆದರಿಸಿದನು. ಸ್ವಭಾವದಿಂದ ಸಂಕೋಚದವನಾದ ಕಾಲ್ವಿನನು ಹೆದರಿ ನಿಂತನು.

ಅವನು ಆ ಪಟ್ಟಣದಲ್ಲಿ ಕಾಲಿಡುವದಕ್ಕೆ ಮುಂಚೆಯೇ ಅಲ್ಲಿ ಕರ್ತನ ದಿನದ ಹೊರತು ಬೇರೆ ಹಬ್ಬಗಳಿರಲಿಲ್ಲ. ಇದು ಮುಖ್ಯವಾದ ಸಂಗತಿ. ಪೋಪನ ಕಾಲದಲ್ಲಿ ವರ್ಷವೆಲ್ಲಾ ಒಬ್ಬೊಬ್ಬ ಸಂತನ ಹೆಸರಿನಲ್ಲಿ ಹಬ್ಬಗಳು ತುಂಬಿದ್ದವು. ಆ ದಿನಗಳಲ್ಲಿ ಕೂಲಿಯವನು ಕೆಲಸಕ್ಕೆ ಹೋಗಬಾರದು, ಹೋದರೆ ಪಾಪ. ಹಬ್ಬ ಆಚರಿಸಿದರೆ ಪುಣ್ಯ ಬರುತ್ತದೆಂದು ಜನರು ನಂಬಿದ್ದರು. ಫಾರೆಲನು ಬಂದು ಬೇರಿನೊಂದಿಗೆ ಎಲ್ಲವನ್ನೂ ಕಿತ್ತುಬಿಟ್ಟನು. ಆದರೆ ಜಿನೀವಾವನ್ನು ಶತ್ರುಗಳಿಂದ ಕಾಪಾಡುತ್ತಿದ್ದ ನೆರೆಯ ಬೆರ್ನ್ ಪಟ್ಟಣದವರು ಸುವಾರ್ತೆಯನ್ನು ಅಂಗೀಕರಿಸಿದವರಾದರೂ ನಾಲ್ಕು ಹಬ್ಬಗಳನ್ನು ಉಳಿಸಿಕೊಂಡಿದ್ದರು. ಕ್ರಿಸ್ತನ ಜನನ, ಹೊಸ ವರುಷದಂದು ಬರುವ ಆತನ ಸುನ್ನತಿಯ ದಿನ, ದೂತನು ಮರಿಯಳಿಗೆ ವರ್ತಮಾನ ತಂದ ದಿನ, ಸ್ವರ್ಗಾರೋಹಣ. ಅವರು ರಾತ್ರಿಭೋಜನದಲ್ಲಿ ಹುಳಿಯಿಲ್ಲದ ರೊಟ್ಟಿಯನ್ನೂ ದೀಕ್ಷಾಸ್ನಾನಕ್ಕೆ ಕಲ್ಲಿನ ತೊಟ್ಟಿಯನ್ನೂ ಉಪಯೋಗಿಸುತ್ತಿದ್ದರು. ಜಿನೀವಾದವರೂ ತಮ್ಮಂತೆಯೇ ಮಾಡಬೇಕೆಂದು ಅವರ ಆಶೆ.

1538ರಲ್ಲಿ ಜಿನೀವಾದ ಆಡಳಿತ ಮಂಡಳಿಗೆ ಬೋಧಕರ ವಿರೋಧಿಗಳು ಆರಿಸಲ್ಪಟ್ಟರು. ಅವರು ಬೋಧಕರನ್ನು ಕೇಳದೆಯೇ ಬೆರ್ನಿನ ಪದ್ಧತಿಗಳು ಇನ್ನು ಮೇಲೆ ಇಲ್ಲಿಯೂ ನಡೆಯತಕ್ಕದ್ದೆಂದು ಗೊತ್ತುಮಾಡಿದರು. ಕುರುಡನಾದ ಒಬ್ಬ ಮುದಿ ಬೋಧಕನು ಮಂಡಳಿಯನ್ನು ಬೈದು ಪ್ರಸಂಗಮಾಡಿದ್ದಕ್ಕೆ ಸೆರೆಮನೆಗೆ ಹಾಕಲ್ಪಟ್ಟನು. ಪುನರುತ್ಥಾನದ ಹಬ್ಬದ ದಿನ, ಎಪ್ರಿಲ್ 21ರಂದು, ಕಾಲ್ವಿನನೂ ಫಾರೆಲನೂ ತಡೆಯನ್ನು ಮೀರಿ ಪ್ರಸಂಗಪೀಠ ಹತ್ತಿದರು. ಆದರೆ ರಾತ್ರಿಭೋಜನವನ್ನು ಕೊಡಲಿಲ್ಲ. ರೊಟ್ಟಿಯ ಹುಳಿ ತಮಗೆ ದೊಡ್ಡದಲ್ಲ, ಇಷ್ಟು ಕಲಹ ದ್ವೇಷಗಳಿಂದ ತುಂಬಿದ ಜನರಿಗೆ ಕರ್ತನ ಪರಿಶುದ್ಧ ಭೋಜನವನ್ನು ಬಡಿಸಲಾರೆವೆಂಬದೇ ಅವರ ಕಾರಣ. ದೇವಾಲಯದೊಳಗೆ ಕೆಲವರು ಕತ್ತಿ ಹಿರಿದರು. ಎರಡು ದಿನಗಳ ಮೇಲೆ, ಮೂರು ದಿವಸದೊಳಗೆ ಪಟ್ಟಣ ಬಿಟ್ಟು ಹೋಗಬೇಕೆಂದು ಇಬ್ಬರಿಗೂ ಅಪ್ಪಣೆಯಾಯಿತು. ಹಬ್ಬಗಳನ್ನು ತಂದ ಮತ್ತು ಬೋಧಕರನ್ನು ಅಟ್ಟಿದ ತೀರ್ಮಾನಗಳು ಒಂದೇ ಗಲಭೆಯ ಮಕ್ಕಳೆನ್ನಬಹುದು.

ಕಾಲ್ವಿನನಿಗೆ ಹಬ್ಬಗಳೆಂದರೆ ಕಡು ಹಗೆಯಾಗಿದ್ದರೆ ಅದು ಹೊರಬೀಳತಕ್ಕ ಸಮಯವು ಇದೇ. ಆದರೆ ಮುಂದಿನ ವಾರಗಳಲ್ಲಿ ಜೂರಿಕ್ ಪಟ್ಟಣದಲ್ಲಿ ಸ್ವಿಸ್ ಸಭೆಗಳ ಪ್ರತಿನಿಧಿಗಳು ಕೂಡಿದಾಗ ಅವನು ಅವರ ಮುಂದೆ ಇಟ್ಟದ್ದೇನು? ದೀಕ್ಷಾಸ್ನಾನದ ತೊಟ್ಟಿಯನ್ನು ಒಪ್ಪಿಕೊಂಡನು. ಹುಳಿಯಿಲ್ಲದ ರೊಟ್ಟಿಯನ್ನು ಒಪ್ಪಿಕೊಂಡನು. ನಾಲ್ಕು ಹಬ್ಬಗಳನ್ನೂ ಒಪ್ಪಿಕೊಂಡು, ಪ್ರಸಂಗ ಮುಗಿದ ಮೇಲೆ ಕೆಲಸಕ್ಕೆ ಹೋಗಲಿಚ್ಛಿಸುವವನನ್ನು ಯಾರೂ ತಡೆಯಬಾರದು, ಶಿಕ್ಷಿಸಬಾರದು ಎಂಬ ನಿಬಂಧನೆಯೊಂದನ್ನೇ ಕೇಳಿದನು. ದಿನವಿರಲಿ, ನೊಗ ಬೇಡ. ಇದು ಅವನ ನಿಲುವು. ಜಿನೀವಾದವರು ಇದಕ್ಕೂ ಕರಗಲಿಲ್ಲ.

ಅವನು ಸ್ಟ್ರಾಸ್‌ಬರ್ಗಿಗೆ ಹೋಗಿ ಫ್ರಾನ್ಸಿನಿಂದ ಓಡಿಬಂದ ದಿಕ್ಕಿಲ್ಲದ ಜನರ ಸಭೆಗೆ ಪಾಲಕನಾದನು. ಬಡತನ ಎಷ್ಟಿತ್ತೆಂದರೆ ಪುಸ್ತಕಗಳನ್ನು ಮಾರಿಕೊಳ್ಳಬೇಕಾಯಿತು. 1540ರಲ್ಲಿ ಇಡೆಲೆಟ್ ಎಂಬ ವಿಧವೆಯನ್ನು ಮದುವೆಯಾದನು. ಅದೇ ವರ್ಷ ರೋಮಾಪುರದವರಿಗೆ ಪೌಲನು ಬರೆದ ಪತ್ರಿಕೆಯ ಮೇಲೆ ಅವನ ವ್ಯಾಖ್ಯಾನವು ಹೊರಬಂತು. ಆ ಪತ್ರಿಕೆಯ 14ನೆಯ ಅಧ್ಯಾಯವನ್ನು ಬಲ್ಲ ವಾಚಕರು, ದಿನಗಳ ಜಗಳದಿಂದ ದೇಶಭ್ರಷ್ಟನಾದವನು ದಿನಗಳನ್ನು ಕುರಿತ ಆ ವಚನಗಳ ಮುಂದೆ ಲೇಖನಿ ಹಿಡಿದು ಕೂತದ್ದನ್ನು ಮನಸ್ಸಿನಲ್ಲಿ ತಂದುಕೊಳ್ಳಲಿ.

ಈ ನಡುವೆ ಜಿನೀವಾದಲ್ಲಿ ಉಳಿದ ಅವನ ಸ್ನೇಹಿತರಿಗೆ ಸಂಕಟ ಬಂತು. ಹೊಸ ಬೋಧಕರು ಬೆರ್ನಿನ ರೀತಿಯಲ್ಲಿ ಕೊಡುವ ರಾತ್ರಿಭೋಜನವನ್ನು ತೆಗೆದುಕೊಳ್ಳಬಹುದೋ ಎಂದು ಪಾಠಶಾಲೆಯ ಮುಖ್ಯಸ್ಥನಾದ ಸೋನಿಯೇ ಎಂಬವನು ಕೇಳಿದನು. ತನ್ನನ್ನು ಅಟ್ಟಿದವರ ಕೈಯಿಂದ ತೆಗೆದುಕೊಳ್ಳಬೇಡವೆಂದು ಕಾಲ್ವಿನನು ಹೇಳಿದ್ದರೆ ಯಾರೂ ಆಶ್ಚರ್ಯಪಡುತ್ತಿರಲಿಲ್ಲ. ಅವನು ಹಾಗೆ ಹೇಳಲಿಲ್ಲ. ವಾಕ್ಯವೂ ಸಂಸ್ಕಾರಗಳೂ ಇರುವಲ್ಲಿ ಸಭೆ ಇದೆ. ಸಭೆಯನ್ನು ಒಡೆಯುವದು ಅದಕ್ಕಿಂತ ದೊಡ್ಡ ಕೇಡು. ತೆಗೆದುಕೊಳ್ಳಬಹುದು ಎಂಬದೇ ಅವನ ಅಭಿಪ್ರಾಯವಾಗಿತ್ತು. ಸ್ನೇಹಿತರೆಲ್ಲರ ಮನಸ್ಸು ಒಪ್ಪಲಿಲ್ಲ. 1538ರ ಕ್ರಿಸ್ತಜನನದ ಹಬ್ಬದ ರಾತ್ರಿಭೋಜನದಲ್ಲಿ ಹೊಸ ರೀತಿಗೆ ಸಹಾಯಮಾಡಲಾರೆವೆಂದು ಸೋನಿಯೇಯೂ ಅವನ ಸಂಗಡಿಗನಾದ ಕೊರ್ಡಿಯೇಯೂ ಹೇಳಿದ್ದರಿಂದ, ಇಬ್ಬರನ್ನೂ ಚಳಿಗಾಲದಲ್ಲಿ ಪಟ್ಟಣದಿಂದ ಹೊರಡಿಸಿದರು. ಕೊರ್ಡಿಯೇ ಎಂದರೆ ಪಾರಿಸಿನಲ್ಲಿ ಕಾಲ್ವಿನನಿಗೆ ಲತೀನ್ ಕಲಿಸಿದ ಅದೇ ಉಪಾಧ್ಯಾಯನು. ಶಿಷ್ಯನು ಪುನರುತ್ಥಾನದ ಹಬ್ಬದಲ್ಲಿ ಊರು ಬಿಟ್ಟನು, ಗುರುವು ಜನನದ ಹಬ್ಬದಲ್ಲಿ. ಕರ್ತನ ಜನನದ ಸಂತೋಷವನ್ನು ಸ್ಮರಿಸಬೇಕಾದ ದಿನವು ಇಬ್ಬರು ಉಪಾಧ್ಯಾಯರನ್ನು ಬೀದಿಪಾಲು ಮಾಡುವ ದಿನವಾದರೆ, ತಪ್ಪು ಆ ದಿನದಲ್ಲಿ ಇತ್ತೋ, ಅದನ್ನು ಕೋಲಿನಂತೆ ಹಿಡಿದವರಲ್ಲಿ ಇತ್ತೋ?

1541ರಲ್ಲಿ ಜಿನೀವಾದವರ ಬುದ್ಧಿ ತಿರುಗಿತು. ಅವರು ಅಂಗಲಾಚಿ ಕರೆದರು. ಕಾಲ್ವಿನನು ಮನಸ್ಸಿಲ್ಲದೆ ಅಳುಕುತ್ತಾ ಸಪ್ಟಂಬರ 13ರಂದು ಹಿಂತಿರುಗಿದನು. ಪೀಠ ಹತ್ತಿದವನು ತನ್ನನ್ನು ಅಟ್ಟಿದವರನ್ನು ಕುರಿತು ಒಂದು ಮಾತನ್ನೂ ಆಡದೆ, ಮೂರು ವರ್ಷಗಳ ಹಿಂದೆ ಬಿಟ್ಟ ವಚನದಿಂದಲೇ ವ್ಯಾಖ್ಯಾನವನ್ನು ಮುಂದುವರಿಸಿದನು.

ಈಗ ಅಧಿಕಾರವು ಅವನ ಕಡೆಗಿತ್ತು. ಹಬ್ಬಗಳನ್ನು ಕಿತ್ತುಹಾಕಬಹುದಾಗಿತ್ತು. ಕಿತ್ತುಹಾಕಲಿಲ್ಲ. ಕ್ರಿಸ್ತಜನನದ ದಿನವನ್ನು ಬೆರ್ನಿನವರಂತೆಯೇ ಆಚರಿಸುವದಕ್ಕೆ ಬಿಟ್ಟನು. ಬೇರೆ ಹಬ್ಬಗಳಂದು ಬೆಳಿಗ್ಗೆ ಅಂಗಡಿಗಳನ್ನು ಮುಚ್ಚಿ ಜನರು ಪ್ರಾರ್ಥನೆಗೆ ಕೂಡುವರು, ಮಧ್ಯಾಹ್ನದ ಊಟವಾದ ಮೇಲೆ ಅವರವರ ಕೆಲಸಕ್ಕೆ ಹೋಗುವರು. ಆ ವರ್ಷ ಏರ್ಪಟ್ಟ ಸಭಾಕ್ರಮದಲ್ಲಿ ರಾತ್ರಿಭೋಜನವನ್ನು ವರ್ಷಕ್ಕೆ ನಾಲ್ಕು ಸಾರಿ ಕೊಡತಕ್ಕದ್ದೆಂದು ಗೊತ್ತಾಯಿತು. ಆ ನಾಲ್ಕರಲ್ಲಿ ಒಂದು ಕ್ರಿಸ್ತಜನನದ ದಿನಕ್ಕೆ ಅತಿ ಸಮೀಪವಾದ ಆದಿತ್ಯವಾರ.

ಈ ಮಧ್ಯಮ ಮಾರ್ಗವು ಒಂಭತ್ತು ವರ್ಷ ನಡೆಯಿತು. ಸುಖವಾಗಿ ನಡೆಯಿತೆಂದು ಹೇಳಲಾಗದು. ಒಬ್ಬನು ಅಂಗಡಿ ಮುಚ್ಚಿದರೆ ನೆರೆಯವನು ಬೇಕೆಂತಲೇ ತೆರೆಯುವನು. ಅವನು ಇವನನ್ನು ಭ್ರಷ್ಟನೆನ್ನುವನು, ಇವನು ಅವನನ್ನು ಪೋಪನ ಬಾಲವೆನ್ನುವನು. (ನಮ್ಮ ಊರುಗಳಲ್ಲಿ ಇಂಥದು ನಡೆಯುವದಿಲ್ಲವೆಂದು ಯಾರೂ ಹೇಳದಿರಲಿ.) ಕಾಲ್ವಿನನು ಆಡಳಿತ ಮಂಡಳಿಗೆ ಹೋಗಿ, ಇದುವರೆಗೆ ಅವರು ತೋರಿಸಿದ ಮಿತತ್ವವನ್ನು ಹೊಗಳಿ, ಈ ಭೇದವನ್ನು ತಕ್ಕ ಉಪಾಯದಿಂದ ಹೋಗಲಾಡಿಸಬೇಕೆಂದು ಕೇಳಿಕೊಂಡನು. 1550ನೆಯ ಇಸವಿ ನವಂಬರ 16ರಂದು ಹೊಸ ಆಜ್ಞೆ ಹೊರಬಿತ್ತು. ಆದಿತ್ಯವಾರದ ಹೊರತು ಸಕಲ ಹಬ್ಬಗಳೂ ರದ್ದು.

ಇದೇ ಆ ಪ್ರಸಿದ್ಧವಾದ ರದ್ದು. ಕಾಲ್ವಿನನು ಮಾಡಿದನೆಂದು ಲೋಕವೆಲ್ಲಾ ಹೇಳುವದು ಇದನ್ನೇ. ಆದರೆ 1551ರ ಜನವರಿ 2ರಂದು ಅವನು ಬೆರ್ನಿನ ಬೋಧಕನಾದ ಹಾಲರನೆಂಬವನಿಗೆ ಬರೆದ ಪತ್ರವು ಉಳಿದಿದೆ. ಈ ಕೆಲಸವು ತನಗೆ ತಿಳಿಯದೆಯೂ ತಾನು ಅಪೇಕ್ಷಿಸದೆಯೂ ಆದದ್ದೆಂದು ದೃಢವಾಗಿ ಸಾಕ್ಷಿ ಹೇಳುತ್ತಾನೆ. ಸುದ್ದಿಯನ್ನು ತಾನು ಪರಸ್ಥಳದವನಂತೆ ಕೇಳಿ ತಿಳಿದೆನೆನ್ನುತ್ತಾನೆ. ತಾನು ಇದಕ್ಕೆ ಪ್ರೇರಕನಲ್ಲದಿದ್ದರೂ ಆದದ್ದಕ್ಕೆ ವ್ಯಸನಪಡುವದೂ ಇಲ್ಲವೆಂದು ಕೂಡ ಪ್ರಾಮಾಣಿಕವಾಗಿ ಬರೆಯುತ್ತಾನೆ. ಆದದರಿಂದ ಅವನು ಆ ರದ್ದನ್ನು ದ್ವೇಷಿಸಿದನೆಂದೂ ನಾವು ಹೇಳಲಾಗದು. ಬೆರ್ನಿನವರಿಗೆ ಸಿಟ್ಟು ಬಂದಿತ್ತು. ಎರಡು ಸಭೆಗಳು ಇದಕ್ಕಾಗಿ ಒಡೆದುಹೋಗಬಾರದೆಂಬದೇ ಅವನ ಚಿಂತೆ.

ಆಜ್ಞೆಯಾದ ಮೇಲಿನ ಮೊದಲನೆಯ ದಶಂಬರ 25 ಗುರುವಾರ ಬಂತು. ಜಿನೀವಾದಲ್ಲಿ ಕೆಲಸದ ದಿನಗಳಲ್ಲಿಯೂ ಪ್ರಸಂಗಗಳಿರುತ್ತಿದ್ದವು. ಆ ಕಾಲದಲ್ಲಿ ಕಾಲ್ವಿನನು ಪ್ರವಾದಿಯಾದ ಮೀಕನ ಗ್ರಂಥವನ್ನು ವಿವರಿಸುತ್ತಿದ್ದನು. ಆ ದಿನ ಎಂದಿಗಿಂತಲೂ ಹೆಚ್ಚು ಜನರು ಬಂದು ಕೂತಿದ್ದರು. ಅವನು ಅವರನ್ನು ನೋಡಿ, ಮೀಕನನ್ನು ಕೇಳುವದಕ್ಕೆ ಇವರು ಬರಲಿಲ್ಲ, ದಿನವನ್ನು ನೋಡಿ ಬಂದರೆಂದು ತಿಳಿದು ಕಠಿಣವಾಗಿ ಗದರಿಸಿದನು. ಕ್ರಿಸ್ತನು ಈ ದಿನವೇ ಹುಟ್ಟಿದನೆಂದು ಎಣಿಸುವವರು ಬುದ್ಧಿಯಿಲ್ಲದ ಮೃಗಗಳಂತೆಯೇ ಎಂದನು. ಒಂದೇ ದಿನವನ್ನು ಮೇಲಕ್ಕೆತ್ತಿ ಇದರಿಂದ ದೇವರಿಗೆ ಸೇವೆಯಾಯಿತೆಂದುಕೊಂಡರೆ ಆ ದಿನವೇ ವಿಗ್ರಹವಾಯಿತೆಂದು ಹೇಳಿದನು. ಆದರೆ ಅದೇ ಪ್ರಸಂಗದಲ್ಲಿ, ವರ್ಷದಲ್ಲಿ ಒಂದು ದಿನವನ್ನು ಗೊತ್ತುಮಾಡಿ ಕ್ರಿಸ್ತನ ಜನನದಿಂದ ನಮಗುಂಟಾದ ಮೇಲುಗಳನ್ನು ಸ್ಮರಿಸುವದೂ ಆ ಚರಿತ್ರೆಯನ್ನು ಓದಿಸಿ ಕೇಳುವದೂ ಒಳ್ಳೆಯದೇ, ಅದು ಬರುವ ಆದಿತ್ಯವಾರ ನಡೆಯುವದೆಂದೂ ತಿಳಿಸಿದನು. ಮೊದಲನೆಯ ಮಾತನ್ನು ಹಿಡಿದು ಎರಡನೆಯದನ್ನು ಬಿಟ್ಟವರು ಅವನ ಹೆಸರನ್ನು ವಾದಕ್ಕೆ ಎಳೆಯುತ್ತಾರೆ. ಹಬ್ಬವನ್ನು ಬಿಟ್ಟುಬಿಡದವರಿಗಂತೂ ಎರಡನೆಯದು ಮಾತ್ರ ರುಚಿಸುತ್ತದೆ.

ಆ ಬೆಳಿಗ್ಗೆ ಬಂದಿದ್ದವರನ್ನು ನೆನಸಿದರೆ ನನಗೆ ಕನಿಕರವೇ ಹುಟ್ಟುತ್ತದೆ. ಅವರಲ್ಲಿ ಅಜ್ಜಿಯ ಕೈಹಿಡಿದು ಆ ದಿನ ದೇವಾಲಯಕ್ಕೆ ಹೋಗುತ್ತಿದ್ದ ಮುದುಕರಿದ್ದಿರಬಹುದು. ಚಳಿಯಲ್ಲಿ ಕತ್ತಲೆಯಿರುವಾಗಲೇ ಎದ್ದು ಬಂದವನಿಗೆ ಮೃಗವೆಂಬ ಹೆಸರು ಸಿಕ್ಕಿತು. ಕಾಲ್ವಿನನ ಬುದ್ಧಿಯು ಎಷ್ಟು ನಿರ್ಮಲವೋ ನಾಲಿಗೆಯು ಅಷ್ಟು ಹರಿತ. ಮೂಢಭಕ್ತಿಯನ್ನು ಕಡಿಯುವಾಗ ಮೃದುವಾದ ಭಕ್ತಿಗೂ ಏಟು ತಗಲಿತು. ಹಿಂದಿನ ವರ್ಷದ ಮಾರ್ಚಿನಲ್ಲಿ ಅವನು ಇಡೆಲೆಟಳನ್ನು ಸಮಾಧಿಮಾಡಿದ್ದನು. ಅವರಿಗೆ ಹುಟ್ಟಿದ ಗಂಡುಮಗು 1542ರಲ್ಲಿ ಕೆಲವೇ ದಿನ ಬದುಕಿತ್ತು. ಆ ಕಾರಣದಿಂದ ಗದರಿಸಿದನೆಂದು ನಾನು ಹೇಳುವದಿಲ್ಲ.

ಇನ್ನೊಂದನ್ನು ಮುಚ್ಚಿಡತಕ್ಕದ್ದಲ್ಲ. ದಿನಗಳ ವಿಷಯದಲ್ಲಿ ಮನಸ್ಸಾಕ್ಷಿಯ ಸ್ವಾತಂತ್ರ್ಯವನ್ನು ಇಷ್ಟು ಚೆನ್ನಾಗಿ ಬಲ್ಲವನು ಬೋಧೆಯ ವಿಷಯದಲ್ಲಿ ಅದನ್ನು ಮರೆತನು. ತ್ರಯೈಕತ್ವವನ್ನು ನಿರಾಕರಿಸಿದ ಸೆರ್ವೆಟಸನೆಂಬ ವೈದ್ಯನನ್ನು ಜಿನೀವಾದವರು 1553ರ ಅಕ್ಟೋಬರ 27ರಂದು ಸಜೀವವಾಗಿ ಸುಟ್ಟರು. ಕಾಲ್ವಿನನು ಮರಣವು ಕತ್ತಿಯಿಂದಾಗಲೆಂದು ಕೇಳಿದನೇ ಹೊರತು ಮರಣವು ಬೇಡವೆನ್ನಲಿಲ್ಲ. 1903ರಲ್ಲಿ ಅವನ ಬೋಧೆಯ ಅನುಯಾಯಿಗಳೇ ಅಲ್ಲಿ ಒಂದು ಕಲ್ಲು ನೆಟ್ಟು ಆ ತಪ್ಪನ್ನು ಒಪ್ಪಿಕೊಂಡರು.

ಕ್ರಿಸ್ತಜನನದ ಪ್ರಸಂಗವಂತೂ ಜಿನೀವಾದಲ್ಲಿ ನಿಂತುಹೋಗಲಿಲ್ಲ. ಲೂಕನ ಸುವಾರ್ತೆಯ ಎರಡನೆಯ ಅಧ್ಯಾಯದಲ್ಲಿರುವ ಕುರುಬರ ಮತ್ತು ದೂತರ ಚರಿತ್ರೆಯ ಮೇಲೆ ಅವನು ಮಾಡಿದ ಪ್ರಸಂಗವು 1558ರಲ್ಲಿ ಅಚ್ಚಾದ ಅವನ ಪ್ರಸಂಗಗಳ ಸಂಗ್ರಹದಲ್ಲಿದೆ.

ಅವನ ಕಾಲದ ನಂತರ ಸಭೆಗಳು ಬೇರೆ ಬೇರೆ ದಾರಿ ಹಿಡಿದವು. 1566ರಲ್ಲಿ ಜೂರಿಕಿನ ಬುಲ್ಲಿಂಗರನು ಬರೆದ ವಿಶ್ವಾಸಪ್ರಮಾಣವು, ಕ್ರಿಸ್ತೀಯ ಸ್ವಾತಂತ್ರ್ಯದಿಂದ ಕರ್ತನ ಜನನವನ್ನೂ ಮರಣವನ್ನೂ ಪುನರುತ್ಥಾನವನ್ನೂ ಸ್ಮರಿಸುವ ಸಭೆಗಳನ್ನು ಮೆಚ್ಚಿಕೊಂಡಿತು. ಸ್ಕಾಟ್ಲೆಂಡಿನವರು ಆ ಪ್ರಮಾಣವನ್ನೆಲ್ಲಾ ಒಪ್ಪಿ, ಹಬ್ಬಗಳ ಮಾತೊಂದನ್ನು ಮಾತ್ರ ಒಪ್ಪಲಿಲ್ಲ. ಅಲ್ಲಿ ಕ್ರಿಸ್ಮಸ್ ದಿನವು ಸಾರ್ವಜನಿಕ ರಜೆಯಾದದ್ದು 1958ರಲ್ಲಿ. ಇಂಗ್ಲೆಂಡಿನ ಪಾರ್ಲಿಮೆಂಟು 1647ರಲ್ಲಿ ಹಬ್ಬವನ್ನು ನಿಷೇಧಿಸಿತು, 1660ರಲ್ಲಿ ಅರಸನು ಬಂದಾಗ ಅದೂ ಬಂತು. ಅಮೇರಿಕದ ಮಸಾಚುಸೆಟ್ಸಿನಲ್ಲಿ 1659ರಿಂದ 1681ರ ವರೆಗೆ ಆ ದಿನ ಹಬ್ಬಮಾಡಿದವನಿಗೆ ಐದು ಶಿಲಿಂಗು ದಂಡವಿತ್ತು. ಹಬ್ಬಮಾಡದವನನ್ನು ಹೊಡೆಯುವ ಕೋಲನ್ನು ಕಸಿದುಕೊಂಡು ಮಾಡಿದವನನ್ನೇ ಹೊಡೆದದ್ದು ಅದು. ಲೂಥರನ ಸಭೆಯವರಾದರೋ ಆ ದಿನವನ್ನು ಹಾಡುಗಳಿಂದ ತುಂಬಿಸಿದರು. ನಮ್ಮ ಬಾಸೆಲ್ ಮಿಶನ್ನಿನಲ್ಲಿ ಲೂಥರನ ಸಭೆಯವರೂ ಕಾಲ್ವಿನನ ರೀತಿಯ ಸಭೆಯವರೂ ಒಂದೇ ಮೇಜಿನಲ್ಲಿ ಕೂತು ಕಲಿತು ಒಂದೇ ಹಡಗಿನಲ್ಲಿ ಬಂದರು. 1836ರಲ್ಲಿ ಮಂಗಳೂರಿಗೆ ಬಂದ ಮೋಗ್ಲಿಂಗನು ಲೂಥರನ ಸಭೆಯು ಪ್ರಬಲವಾಗಿದ್ದ ವ್ಯುರ್ಟೆಂಬೆರ್ಗಿನವನು. ಅವರು ಈ ದಿನದ ವಿಷಯದಲ್ಲಿ ಒಬ್ಬರನ್ನೊಬ್ಬರು ಸಭೆಯಿಂದ ಹೊರಗೆ ಹಾಕಲಿಲ್ಲ. ನಮ್ಮ ಗ್ರಾಮದ ಹಿರಿಯರು ಪುನಃ ಕೇಳಿದರೆ ನಾನು ಇಷ್ಟನ್ನು ಹೇಳುವೆನು: ಮಾಡುವವನು ಕರ್ತನಿಗಾಗಿ ಮಾಡಲಿ, ಸಾಲಮಾಡಿ ಹೊಸ ಬಟ್ಟೆ ತರಬೇಕೆಂಬ ನಿರ್ಬಂಧವನ್ನು ಬಡವನ ಮೇಲೆ ಹೊರಿಸದಿರಲಿ, ಮಾಡದವನು ನೆರೆಮನೆಯ ದೀಪವನ್ನು ನೋಡಿ ಅನ್ಯಧರ್ಮವೆಂದು ಕೂಗದಿರಲಿ. ಕಾಲ್ವಿನನ ಹೆಸರಿನಿಂದ ಇದಕ್ಕಿಂತ ಹೆಚ್ಚು ಹೇಳುವದಕ್ಕೆ ನನಗೆ ಅಧಿಕಾರವಿಲ್ಲ.

ಅವನ ಕೊನೆಯ ವರ್ಷಗಳು ರೋಗದಿಂದ ತುಂಬಿದ್ದವು. ಕ್ಷಯವೂ ಸಂದುನೋವೂ ಮೂತ್ರಕೋಶದ ಕಲ್ಲೂ ಒಟ್ಟಿಗೆ ಕಾಡಿದವು. ಅಂಥ ಶರೀರವನ್ನು ಹೊತ್ತುಕೊಂಡೇ 1559ರಲ್ಲಿ ವಿದ್ಯಾಶಾಲೆಯನ್ನು ತೆರೆದು, ಅದೇ ವರ್ಷ ತನ್ನ ದೊಡ್ಡ ಗ್ರಂಥವನ್ನು ಕಡೆಯ ಸಾರಿ ತಿದ್ದಿ ಪ್ರಕಟಿಸಿದನು. ಮುದುಕನಾದ ಕೊರ್ಡಿಯೇ ಪುನಃ ಜಿನೀವಾಕ್ಕೆ ಬಂದು ಮಕ್ಕಳಿಗೆ ಪಾಠ ಹೇಳುತ್ತಿದ್ದನು. 1564ರ ಫೆಬ್ರವರಿ 6ರಂದು ಕಾಲ್ವಿನನು ಕಡೆಯ ಪ್ರಸಂಗವನ್ನು ಮಾಡಿದನು. ಎಪ್ರಿಲ್ 2ರ ಪುನರುತ್ಥಾನದ ಹಬ್ಬದಂದು ಅವನನ್ನು ಎತ್ತಿಕೊಂಡು ದೇವಾಲಯಕ್ಕೆ ತಂದರು. ಬೇಜಾ ಎಂಬ ಅವನ ಜೊತೆಕೆಲಸದವನ ಕೈಯಿಂದ ರಾತ್ರಿಭೋಜನವನ್ನು ತೆಗೆದುಕೊಂಡು ಸಭೆಯೊಂದಿಗೆ ನಡುಗುವ ಧ್ವನಿಯಿಂದ ಹಾಡಿದನು. ಇಪ್ಪತ್ತಾರು ವರ್ಷಗಳ ಹಿಂದೆ ಇದೇ ಹಬ್ಬದಲ್ಲಿ ರಾತ್ರಿಭೋಜನವನ್ನು ಕೊಡಲೊಲ್ಲದೆ ಊರು ಬಿಟ್ಟಿದ್ದನು.

ಮೇ 27, ಶನಿವಾರ ಸಂಜೆ ಅವನು ನಿದ್ರೆಹೋದನು. ಮರುದಿನ ಆದಿತ್ಯವಾರ, ಯಾವ ವೈಭವವೂ ಇಲ್ಲದೆ, ಊರಿನ ಸಾಧಾರಣ ಸ್ಮಶಾನದಲ್ಲಿ ಅವನನ್ನು ಹೂಣಿಟ್ಟರು. ಗೋರಿಯ ಮೇಲೆ ಗುರುತಿನ ಕಲ್ಲನ್ನು ಇಡಬಾರದೆಂದು ಅವನೇ ಹೇಳಿದ್ದನು. ಕೆಲವು ತಿಂಗಳುಗಳಲ್ಲಿ ಪರಸ್ಥಳದ ವಿದ್ಯಾರ್ಥಿಗಳು ನೋಡಬಂದಾಗ ಮಣ್ಣಿನ ದಿಬ್ಬಗಳ ನಡುವೆ ಅವನದು ಯಾವದೆಂದು ತೋರಿಸುವದು ಆಗಲಿಲ್ಲ. ಅವನ ಹೆಸರಿನ ಎರಡು ಅಕ್ಷರಗಳನ್ನು ಕೆತ್ತಿದ ಸಣ್ಣ ಕಲ್ಲೊಂದನ್ನು ಬಹು ಕಾಲದ ಮೇಲೆ ಅಲ್ಲಿ ನೆಟ್ಟರು. ಅವನು ಮಲಗಿರುವದು ಅದರ ಕೆಳಗೆಯೇ ಎಂದು ಹೇಳಬಲ್ಲವರು ಯಾರೂ ಇಲ್ಲ.